ಪ್ರತ್ಯೇಕ ಕೋಣೆ

ಶರಣ್ಯಾ ಸೇನೆ ಬಿಟ್ಟ ಮೇಲೆ ಓದಲು ಅಡಿಲೇಡನ್ನು ಆರಿಸಿಕೊಂಡದ್ದೇ ಅಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲವೆಂಬ ಕಾರಣಕ್ಕೆ. ಬೆಳೆದದ್ದು ಆಸ್ಟ್ರೇಲಿಯಾದ ಇನ್ನೊಂದು ತುದಿಯ ಪರ್ತ್‌ನ ವಿಲೆಟನ್‌ನಲ್ಲಿ. ಹೈಸ್ಕೂಲು ಮುಗಿದ ವರ್ಷ, ಜೊತೆಯ ಕನ್ನಡದ ಮಕ್ಕಳೆಲ್ಲ ಮೆಡಿಸಿನ್ನು, ಎಂಜಿನಿಯರಿಂಗು ಎಂದು ಓಡಾಡುತ್ತಿದ್ದರೆ ಇವಳು ಸೇನೆಯ ವೈದ್ಯಕೀಯ ದಳ ಸೇರಿ ಬ್ರಿಸ್ಬೇನಿಗೆ ಹೋಗಿಬಿಟ್ಟಳು. ತಂದೆ ವೇಣುಗೋಪಾಲ ಪರ್ತ್ ಸಿಟಿಯಲ್ಲಿ ಡಾಕ್ಟರು. ಹಬ್ಬಕ್ಕೆ ಸೇರಿದವರು ಮಗಳ ಬಗ್ಗೆ ಕೇಳಿದರೆ, ಹೆಲ್ತ್ ಲೈನಿನಲ್ಲಿದ್ದಾಳೆ ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಬ್ರಿಸ್ಬೇನಿನ ಹೊರಗೆ ಒಂದು ತರಬೇತಿಯ ವೇಳೆ ಸೇನೆಯ ವಾಹನ ಮಗುಚಿ ಹಳ್ಳಕ್ಕೆ ಬಿತ್ತು. ಶರಣ್ಯಾಳ ಬೆನ್ನಿಗೆ ಪೆಟ್ಟಾಯಿತು. ಜೊತೆಗಿದ್ದ ಲಿಯಮ್ ಎಂಬ ಹುಡುಗ ತೀರಿಕೊಂಡ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆ ವಾಹನದ ಒಳಗೆ ಏನಾಯಿತೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೇನೆಯಿಂದ ಬಿಡುಗಡೆಯಾಗಿ ಮನೆಗೆ ಬಂದಾಗ, ನಿದ್ದೆಯಲ್ಲಿ ಅವಳು ಬೆಚ್ಚಿ ಏಳುವುದನ್ನು ಕಂಡಿದ್ದ ತಂದೆ ಒಂದೇ ಮಾತು ಹೇಳಿದ್ದರು: "ಬೆನ್ನಿನ ವಿಷಯ ಯಾರಿಗೆ ಬೇಕಾದ್ರೂ ಹೇಳು. ಮನಸ್ಸಿನ ವಿಷಯ ಎಲ್ಲೂ ರೆಕಾರ್ಡಿಗೆ ಹೋಗೋದು ಬೇಡ. ನಾಳೆ ನರ್ಸ್ ಆಗ್ಬೇಕಾದವಳು ನೀನು."

ಆ ಮಾತು ಅವಳಿಗೆ ಸರಿಯೆಂದೇ ತೋರಿತ್ತು. ನರ್ಸಿಂಗ್ ಓದುವವರು ಆಸ್ಪತ್ರೆಯ ತರಬೇತಿಗೆ ಹೋಗುವ ಮುಂಚೆ ಆರೋಗ್ಯದ ವಿವರ ಕೊಡಬೇಕು. ಅಲ್ಲಿ ಹೇಳಿದರೆ ಆಸ್ಪತ್ರೆಯ ಬಾಗಿಲು ಮುಚ್ಚೀತೆಂಬ ಭಯ. ಹೇಳದಿದ್ದರೆ ಯಾರ ನೆರವೂ ಇಲ್ಲದೆ ಓದಿ ಅಲ್ಲಿಯವರೆಗೂ ತಲುಪುವುದು ಹೇಗೆಂದು ತಿಳಿಯದು.

ಅವಳು ಸೇರಿದ ಅಡಿಲೇಡಿನ ವಿಶ್ವವಿದ್ಯಾಲಯ ಮಾಜಿ ಸೈನಿಕರಿಗೆ ಒಳ್ಳೆಯದನ್ನೇ ಮಾಡಿತ್ತು. ಸೇನೆಯಲ್ಲಿ ಕಲಿತದ್ದನ್ನು ಲೆಕ್ಕಕ್ಕೆ ಹಿಡಿದು ಕೆಲವು ಪಾಠಗಳಿಂದ ಅವಳಿಗೆ ವಿನಾಯಿತಿ ಕೊಟ್ಟಿತ್ತು. ಅವರಿಗೆಂದೇ ಒಂದು ಕಚೇರಿ ಇತ್ತು. ನೌಕಾಪಡೆಯಲ್ಲಿದ್ದು ಬಂದ ಗ್ಲೆನ್ ಎಂಬ ನಡುವಯಸ್ಸಿನವನು ಅದನ್ನು ನೋಡಿಕೊಳ್ಳುತ್ತಿದ್ದ. ಕಾಫಿಗೆ ಬಾ ಎಂದು ಅವನು ಎರಡು ಮೂರು ಬಾರಿ ಕರೆದಿದ್ದರೂ ಶರಣ್ಯಾ ಹೋಗಿರಲಿಲ್ಲ. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಅವಳ ಜೊತೆ ಮನೆ ಹಂಚಿಕೊಂಡಿದ್ದ ಸಹಪಾಠಿ, ಬಾದಾಮಿಯ ಬನಶಂಕರಿಗೂ ಇವಳು ಸೇನೆಯಲ್ಲಿದ್ದಳೆಂದು ತಿಳಿಯದು. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲವೇಕೆಂದು ಅವಳು ಒಮ್ಮೆ ಕೇಳಿದ್ದಳು; ಇವಳು ನಕ್ಕು ಮಾತು ಬದಲಿಸಿದ್ದಳು.

ಜೂನ್ ಪರೀಕ್ಷೆ ಹತ್ತಿರ ಬಂದಾಗ ಧೈರ್ಯ ಕುಸಿಯಿತು. ದೊಡ್ಡ ಹಾಲು, ನೂರಾರು ಜನ, ಗಂಟೆ ಹೊಡೆದ ಮೇಲೆ ಮುಚ್ಚುವ ಬಾಗಿಲುಗಳು. ಕೊನೆಗೆ ಗ್ಲೆನ್‌ನ ಬಳಿ ಹೋಗಿ, ಹಾಲಿನಲ್ಲಿ ಕೂರಲು ಆಗುವುದಿಲ್ಲ ಎಂದಷ್ಟೇ ಹೇಳಿದಳು. ಅವನು ಹೆಚ್ಚು ಕೆದಕಲಿಲ್ಲ. ಇಂಥವರಿಗಾಗಿ ನಿಯಮ ಇದೆ, ಪ್ರತ್ಯೇಕ ಕೋಣೆ, ಹೆಚ್ಚುವರಿ ಸಮಯ ಎರಡೂ ಸಿಗುತ್ತವೆ ಎಂದ. ಅಷ್ಟು ಸುಲಭವೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಪರೀಕ್ಷೆಯ ದಿನ ಹೋಗಿ ನೋಡಿದರೆ ಅದು ಕಿಟಕಿಯಿಲ್ಲದ ಪುಟ್ಟ ಕೋಣೆ. ಒಂದು ಮೇಜು, ಎರಡು ಕುರ್ಚಿ. ಮೇಲ್ವಿಚಾರಕಿ ವಯಸ್ಸಾದ ಹೆಂಗಸು, ಮೃದು ಸ್ವಭಾವದವಳು. ಬಾಗಿಲು ತೆರೆದಿಡಬಹುದೇ ಎಂದು ಶರಣ್ಯಾ ಕೇಳಿದಾಗ, ಹೊರಗಿನ ಸದ್ದು ಬಾರದಿರಲೆಂದು ಮುಚ್ಚಿಡಲು ಹೇಳಿದ್ದಾರೆ, ಎಲ್ಲ ನಿನ್ನ ಅನುಕೂಲಕ್ಕೇ ಎಂದು ಸಮಾಧಾನ ಹೇಳಿ ಬಾಗಿಲು ತಳ್ಳಿದಳು. ಕ್ಲಿಕ್ ಎಂದು ಅದು ಕೂತುಕೊಂಡಿತು. ಶರಣ್ಯಾ ಹೆಸರು ಬರೆದಳು. ಮೊದಲ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದಳು. ಅಕ್ಷರಗಳು ಕಾಣುತ್ತಿದ್ದವು, ಅರ್ಥ ಹತ್ತಲಿಲ್ಲ. ಕಾಲಿನ ಸುತ್ತ ತಣ್ಣಗೆ ನೀರು ಏರುತ್ತಿರುವಂತೆ ಅನ್ನಿಸತೊಡಗಿದಾಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಬಾಗಿಲು ತೆಗೆದುಕೊಂಡು, ಚೀಲವನ್ನೂ ಬಿಟ್ಟು ಹೊರಗೆ ಓಡಿದಳು.

ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶವಿತ್ತು. ಆದರೆ ಬೇರೆ ಥರದ ಕೋಣೆ ಬೇಕೆಂದರೆ ಕಾರಣವೇನೆಂದು ಡಾಕ್ಟರ ಮೂಲಕ ತಿಳಿಸಬೇಕು ಎಂದ ಗ್ಲೆನ್. ಡಾಕ್ಟರಿಗೆ ಮೊದಲು ಅವಳೇ ಹೇಳಬೇಕಲ್ಲ. ರಜಕ್ಕೆ ಪರ್ತ್‌ಗೆ ವಿಮಾನ ಹತ್ತಿದಳು. ನಡುದಾರಿಯ ಬದಿಯ ಸೀಟಿನಲ್ಲಿ ಕಣ್ಣು ಮುಚ್ಚದೆ ಕೂತು ಬಂದಳು.

ಏರ್‌ಪೋರ್ಟಿಗೆ ತಂದೆ ಕಾರು ತಂದಿದ್ದರು. ಜುಲೈ ಮಳೆ ಜೋರಾಗಿತ್ತು. ರೋ ಹೈವೇಗೆ ಬಂದ ಮೇಲೆ ಪೇಪರ್ ಹೇಗಾಯಿತೆಂದು ಕೇಳಿದರು.

"ಬರೀಲಿಲ್ಲ ಅಪ್ಪ. ಎದ್ದು ಬಂದ್ಬಿಟ್ಟೆ."

ಓದಿದ್ದು ಸಾಲದಾಯಿತೇನೋ ಎಂದುಕೊಂಡು ಅವರು, ಹೋಗಲಿ, ಮತ್ತೆ ಬರೆದರಾಯಿತು ಎಂದರು.

"ಬಾಗಿಲು ಮುಚ್ಚಿದ್ರು," ಎಂದಳು ಶರಣ್ಯಾ. ಆಮೇಲೆ ನಿಲ್ಲಿಸಲಾಗಲಿಲ್ಲ. ಮಗುಚಿದ ವಾಹನದ ಹಿಂಭಾಗದಲ್ಲಿ ತಾವಿಬ್ಬರೇ ಇದ್ದದ್ದು, ಬಾಗಿಲು ಜಜ್ಜಿಹೋಗಿ ತೆರೆಯದಾದದ್ದು, ಹಳ್ಳದ ನೀರು ಒಳಗೆ ಬಂದದ್ದು, ಕಬ್ಬಿಣದಡಿ ಸಿಕ್ಕಿಕೊಂಡಿದ್ದ ಲಿಯಮ್‌ನ ಕಾಲಿಗೆ ತಾನು ಪಟ್ಟಿ ಬಿಗಿದದ್ದು, ಹೊರಗಿನವರು ತಗಡು ಬಡಿಯುತ್ತಿದ್ದ ಸದ್ದು, ಎಲ್ಲವನ್ನೂ ಹೇಳಿದಳು. "ಬಾಗಿಲು ತೆಗೆದ್ರಾ ಅಂತ ಅವ್ನು ಕೇಳ್ತಾನೇ ಇದ್ದ. ಈಗ ತೆಗೀತಾರೆ, ಈಗ ತೆಗೀತಾರೆ ಅಂತ ಸುಳ್ಳು ಹೇಳ್ತಾನೇ ಇದ್ದೆ. ಆಮೇಲೆ ಅವ್ನು ಕೇಳೋದು ನಿಲ್ಲಿಸ್ದ."

ವೇಣುಗೋಪಾಲ ಮುಂದಿನ ತಿರುವಿನಲ್ಲಿ ಹೈವೇ ಬಿಟ್ಟು ಒಂದು ಪೆಟ್ರೋಲ್ ಬಂಕಿನ ಅಂಗಳಕ್ಕೆ ಕಾರು ತಂದು ನಿಲ್ಲಿಸಿದರು. ಕಾರಿನ ನಾಲ್ಕೂ ಗಾಜುಗಳನ್ನು ಕೆಳಗಿಳಿಸಿದರು. ಮಳೆ ಒಳಗೆ ಎರಚಿತು. ಅವರ ಇಸ್ತ್ರಿಯ ಅಂಗಿಯ ತೋಳು ನೆನೆದು ಮೈಗಂಟಿತು; ಅವರು ಅಲ್ಲಾಡಲಿಲ್ಲ.

"ಅಪ್ಪನಾಗಿ ಏನ್ ಹೇಳ್ಬೇಕೋ ತಿಳೀತಿಲ್ಲ," ಎಂದರು ಕೊನೆಗೆ. "ಡಾಕ್ಟರಾಗಿ ತಿಳಿಯುತ್ತೆ. ಇದನ್ನ ರೆಕಾರ್ಡಲ್ಲಿ ಬರೆಸು."

"ಆಮೇಲೆ ಆಸ್ಪತ್ರೆಯೋರು ಬೇಡ ಅಂದ್ರೆ?"

"ಅದು ನಂಗೂ ಗೊತ್ತಿಲ್ಲ, ಪುಟ್ಟಿ."

ಅಡಿಲೇಡಿಗೆ ಹಿಂತಿರುಗಿ ಅಲ್ಲಿಯ ಡಾಕ್ಟರೊಬ್ಬರ ಮುಂದೆ ಅದನ್ನೆಲ್ಲ ಮತ್ತೆ ಇಂಗ್ಲಿಷಿನಲ್ಲಿ ಹೇಳಿದಳು. ಅದು ಮೊದಲ ಸಲಕ್ಕಿಂತ ಕಷ್ಟವಾಯಿತು. ಪ್ರತ್ಯೇಕ ಕೋಣೆ ಎಂದರೆ ಮುಚ್ಚಿದ ಕೋಣೆ ಎಂದೇನೂ ಇಲ್ಲವಲ್ಲ ಎಂದು ಗ್ಲೆನ್ ಪರೀಕ್ಷಾ ವಿಭಾಗದವರ ಜೊತೆ ವಾದಿಸಿ, ನೆಲಮಹಡಿಯಲ್ಲಿ ಎರಡು ಬಾಗಿಲಿನ ತರಗತಿಯೊಂದನ್ನು ಕೊಡಿಸಿದ. ಎರಡೂ ಬಾಗಿಲು ತೆರೆದೇ ಇದ್ದವು. ಚಳಿಗಾಳಿಗೆ ಮೇಲ್ವಿಚಾರಕಿ ಕೋಟು ಹೊದ್ದು ಕೂತಳು. ಓಡಾಡುವವರ ಸದ್ದಿನ ನಡುವೆ ಶರಣ್ಯಾ ಬರೆದು ಮುಗಿಸಿದಳು, ಪಾಸೂ ಆದಳು.

ಆದರೆ ಹೆದರಿದ್ದೂ ಸುಳ್ಳಾಗಲಿಲ್ಲ. ಆರೋಗ್ಯದ ವಿವರ ನೋಡಿದ ಆಸ್ಪತ್ರೆಯವರು ಇನ್ನೊಂದು ತಪಾಸಣೆ ಆಗಲಿ ಎಂದರು. ಬನಶಂಕರಿ ಸಮವಸ್ತ್ರ ತೊಟ್ಟು ಬೆಳಗಿನ ಟ್ರೇನು ಹಿಡಿಯುತ್ತಿದ್ದರೆ ಇವಳು ಮನೆಯಲ್ಲಿ ಕಾಯುತ್ತಾ ಕೂತಳು. ಒಂದು ಸಂಜೆ ಅವಳಿಗೂ ಎಲ್ಲ ಹೇಳಿದಳು. ಬನಶಂಕರಿ ಕೇಳಿಸಿಕೊಂಡು, "ಊಟ ಮಾಡಿದೇನು?" ಎಂದಷ್ಟೇ ಕೇಳಿ ಎದ್ದು ಅನ್ನಕ್ಕಿಟ್ಟಳು.

ಸೆಪ್ಟೆಂಬರಿನಲ್ಲಿ ವಸಂತ ಬರುವ ಹೊತ್ತಿಗೆ ಅನುಮತಿ ಬಂತು, ಷರತ್ತಿನೊಂದಿಗೆ. ಶರಣ್ಯಾ ಬಯಸಿದ್ದು ತುರ್ತು ಚಿಕಿತ್ಸೆಯ ವಿಭಾಗ. ಸೇನೆಯಲ್ಲಿ ಆರು ವರ್ಷ ಕಲಿತದ್ದೆಲ್ಲ ಅದೇ. ಸದ್ಯಕ್ಕೆ ಅದು ಬೇಡ, ಹೊರರೋಗಿಗಳ ವಿಭಾಗದಲ್ಲಿರು, ಆಮೇಲೆ ನೋಡೋಣ ಎಂದಳು ಆಸ್ಪತ್ರೆಯ ನರ್ಸಿಂಗ್ ಮುಖ್ಯಸ್ಥೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ, ಈಗಲೇ ಹೇಳಲಾಗದು ಎಂದಳು. ಶರಣ್ಯಾಳಿಗೆ ಸಿಟ್ಟು ಬಂತು. ಪರದೆಯ ಆಚೆ ಕಾಲಿನ ಹುಣ್ಣಿನ ಪಟ್ಟಿ ಬದಲಿಸಿಕೊಳ್ಳಲು ಬಂದ ಮುದುಕನೊಬ್ಬ ಕಾಯುತ್ತಿದ್ದ. ಅವಳು ಕೈ ತೊಳೆದುಕೊಂಡು ಅವನ ಬಳಿ ಹೋದಳು.