ಮಾಳಿಗೆಯ ಮೇಲೆ ಕೂತ ಹದ್ದು

ಸಂಸ್ಥಾನದ ಕಾಲದಲ್ಲಿ, ಮಿರಜಿನ ಹತ್ತಿರ ಹೊಳೆದಂಡೆಯ ಊರಾದ ಮ್ಹೈಸಾಳದ ಒಂದು ಓಣಿಯೊಳಗೆ ಒಂದು ರೂಢಿ ಇತ್ತು. ಮಾಳಿಗೆಯ ಮೇಲೆ ರಣಹದ್ದು ಕೂತರೆ ಆ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ. ಬಾಗಿಲಿಗೆ ಮುಳ್ಳಿನ ಟೊಂಗೆ ಅಡ್ಡ ಇಟ್ಟು, ಮಳೆಗಾಲ ಕಳೆಯುವತನಕ ಬೇರೆ ಕಡೆ ಇರಬೇಕು.

ಚಂದ್ರಭಾಗಾ ಹಸಿ ಬಾಣಂತಿ. ಬಸಿರು ನಿಲ್ಲದೆ ನಿಲ್ಲದೆ ಕಡೆಗೊಮ್ಮೆ ಉಳಿದ ಹೆಣ್ಣುಕೂಸು ಮಗ್ಗುಲಲ್ಲಿ ಮಲಗಿತ್ತು. ಹೊರಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಒಮ್ಮೆಲೇ ಮಾಳಿಗೆಯ ಮೇಲೆ ಧೊಪ್ಪೆಂದು ಏನೋ ಬಿತ್ತು, ತೊಲೆಯ ಸಂದಿನಿಂದ ಮಣ್ಣು ಉದುರಿತು. ಅಂಗಳದಲ್ಲಿದ್ದ ಅತ್ತೆ ಗುರುಶಾಂತವ್ವ ಮೇಲೆ ನೋಡಿದವಳೇ ಬಾಯಿ ಬಾಯಿ ಬಡಿದುಕೊಂಡಳು.

ಹೊಳೆಯಲ್ಲಿ ಬಟ್ಟೆ ಒಗೆದುಕೊಂಡು ಬರುತ್ತಿದ್ದ ನೆರೆಮನೆಯ ಕುಂದಾ ಅಲ್ಲೇ ನಿಂತಳು.

"ಮಾವಶಿ, ಅದರ ರೆಕ್ಕಿ ನೋಡ್ರಿ, ತೊಯ್ದ ಕಂಬಳಿ ಆಗ್ಯಾವ. ಹೊಳಿ ದಂಡ್ಯಾಗ ನಾ ದಿನಾ ನೋಡ್ತೇನಿ. ಮಳ್ಯಾಗ ತೊಯ್ದರ ಅವಕ್ಕ ಹಾರಾಕ ಆಗೂದಿಲ್ಲ. ಬಿಸಲ ಬಿದ್ದರ ಆರಿಸ್ಕೊಂಡು ಹೋಗ್ತಾವ."

"ನೀ ಹೊಳಿಗೆ ಅರಿವಿ ಒಗ್ಯಾಕ ಹೋಗ್ತಿಯೋ, ಹದ್ದಿನ ಜೋಡಿ ಬೀಗತನ ಮಾಡಾಕ ಹೋಗ್ತಿಯೋ?" ಎಂದು ಗುರುಶಾಂತವ್ವ ಹರಿಹಾಯ್ದಳು.

ಕುಂದಾ ಬಿಡಲಿಲ್ಲ. ದಂಡೆಯ ಮೇಲೆ ಸತ್ತ ಎಮ್ಮೆ ಬಿದ್ದಾಗ ಅದನ್ನು ತಿಂದು ಸ್ವಚ್ಛ ಮಾಡುವುದು ಇವೇ, ಇಲ್ಲದಿದ್ದರೆ ನಾವು ಆ ಕೊಳೆತ ನೀರನ್ನೇ ಕುಡಿಯಬೇಕು ಎಂದಳು. "ಸತ್ತದ್ದಕ್ಕ ಬರ್ತಾವ ಮಾವಶಿ, ಸಾಯಸಾಕ ಬರೂದಿಲ್ಲ."

ಬಾಗಿಲ ಹಿಂದೆ ಚಂದ್ರಭಾಗಾ ಎಲ್ಲ ಕೇಳುತ್ತಿದ್ದಳು. ಬಿಸಿಲು ಬರುವತನಕ ತಡೆಯೋಣ ಎನ್ನಬೇಕೆಂದುಕೊಂಡವಳು ಕೂಸನ್ನು ಕಂಬಳಿಯಲ್ಲಿ ಸುತ್ತತೊಡಗಿದಳು. ಗಂಡ ಸಿದ್ರಾಮಪ್ಪ ಅವ್ವನ ಮುಖ ನೋಡಿದ, ಮಾಳಿಗೆ ನೋಡಿದ, ಹೊಲದ ಗುಡಿಸಲಿಗೆ ಹೋಗಲು ಬಂಡಿ ಹೂಡಿದ.

ಬಂಡಿ ಓಣಿಯ ತಿರುವಿಗೆ ಬರುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಿತ್ತು. ಚಂದ್ರಭಾಗಾ ಬಂಡಿಗೆ ಮರೆ ಕಟ್ಟಿದ್ದ ಗೋಣಿತಾಟು ಸರಿಸಿ ನೋಡಿದಳು. ಹದ್ದು ಮಾಳಿಗೆಯ ಅಂಚಿನಲ್ಲಿ ರೆಕ್ಕೆ ಚಾಚಿ ನಿಂತಿತ್ತು. ನೋಡುತ್ತಿದ್ದಂತೆ ಎದ್ದು ಹೊಳೆಯ ಕಡೆ ಹೋಯಿತು.

"ಅತ್ತಿ, ಹಾರಿ ಹೋತ್ರಿ."

ಗುರುಶಾಂತವ್ವ ತಿರುಗಿ ನೋಡಲಿಲ್ಲ. "ಕೂತದ್ದು ಕೂತಂಗ."

ಹೊಲದ ಗುಡಿಸಲು ಸೋರುತ್ತಿತ್ತು. ಹಸಿ ಕಟ್ಟಿಗೆ ಹೊತ್ತಲಿಲ್ಲ, ಕೆಂಡದ ಶೇಗಡಿ ಬೆಚ್ಚಗಾಗಲಿಲ್ಲ. ಕೂಸಿಗೆ ಥಂಡಿ ಹತ್ತಿ ಎದೆ ಗೊರಗುಟ್ಟಿತು, ಮೊಲೆ ಕುಡಿಯುವುದನ್ನೇ ಬಿಟ್ಟಿತು. ಹಳ್ಳ ತುಂಬಿ ಹರಿಯುತ್ತಿತ್ತು, ಮಿರಜಿನ ದವಾಖಾನೆಗೆ ಬಂಡಿ ಹೋಗಲಿಲ್ಲ. ಕೂಸನ್ನು ಆ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು.

"ನೋಡ್ರಿ, ಹದ್ದ ಕೂತದ್ದು ಸುಳ್ಳಾತೇನು?" ಎಂದು ಗುರುಶಾಂತವ್ವ ಅತ್ತಳು. ಬಂದವರೆಲ್ಲ ತಲೆಯಾಡಿಸಿದರು. ಚಂದ್ರಭಾಗಾಳ ಕುಬಸ ಹಾಲಿನಿಂದ ತೊಯ್ಯುತ್ತಲೇ ಇತ್ತು.

ಆಮೇಲೆ ಅವಳೂ ಕುಂದಾಳ ಜೊತೆ ಹೊಳೆಗೆ ಹೋಗತೊಡಗಿದಳು. ಒಗೆಯುವುದು ಬಿಟ್ಟು ಆಚೆ ದಂಡೆಯ ಹದ್ದುಗಳನ್ನು ನೋಡುತ್ತ ಕೂಡುವಳು. ಮಳೆಯಲ್ಲಿ ಅವು ಮುದುಡಿ ಕೂಡುವುದು, ಬಿಸಿಲಿಗೆ ರೆಕ್ಕೆ ಬಿಚ್ಚಿ ಏಳುವುದು. ಕುಂದಾ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದು ನಿಜವಾದಷ್ಟೂ ಅವಳ ಸಂಕಟ ಹೆಚ್ಚಾಯಿತು.

ಮುಂದಿನ ಮಳೆಗಾಲಕ್ಕೆ ಗುರುಶಾಂತವ್ವನ ಮಗಳು ಮಂದಾ ತವರಿಗೆ ಬಂದು ಅದೇ ಕೋಣೆಯಲ್ಲಿ ಹಡೆದಳು. ಒಂದು ಮುಂಜಾನೆ ಮಾಳಿಗೆಯ ಮೇಲೆ ಮತ್ತೆ ಧೊಪ್ಪೆಂದಿತು. ಗುರುಶಾಂತವ್ವ ಬಂಡಿ ಹೂಡಲು ಮಗನನ್ನು ಕೂಗಿದಳು. ಚಂದ್ರಭಾಗಾ ಬಂದು ಕೋಣೆಯ ಹೊಸ್ತಿಲಿಗೆ ಅಡ್ಡ ಕೂತಳು.

"ಬಾಣಂತಿ ಹೊರಗ ಬರೂದಿಲ್ಲ ಅತ್ತಿ. ಬಿಸಲ ಬೀಳೂತನಕ ನನ್ನ ಜೋಡಿ ಕುಂದರ್ರಿ. ಆಮ್ಯಾಲ ನೀವು ಹೇಳಿದಂಗ."

ಎಂದೂ ಎದುರಾಡದ ಸೊಸೆ. ಗುರುಶಾಂತವ್ವ ಅವಳ ಪಕ್ಕ ಕೂತಳು. ಮಧ್ಯಾಹ್ನ ಮೋಡ ಸರಿಯಿತು. ಇಬ್ಬರೂ ಅಂಗಳಕ್ಕೆ ಬಂದು ಮೇಲೆ ನೋಡಿದರು. ಹದ್ದು ರೆಕ್ಕೆ ಬಿಚ್ಚಿತು, ನೀರು ಕೊಡವಿತು, ಬಹಳ ಹೊತ್ತು ಹಾಗೇ ನಿಂತು ಕೊನೆಗೆ ಹಾರಿತು. ಒಳಗೆ ಮಂದಾಳ ಕೂಸು ಹಾಲಿಗೆ ಅಳುತ್ತಿತ್ತು.

ಬರಿದಾದ ಮಾಳಿಗೆಯನ್ನೇ ನೋಡುತ್ತ ಗುರುಶಾಂತವ್ವ ಕೇಳಿದಳು, "ಅವತ್ತೂ ಬಿಸಲ ಬಿದ್ದಿತ್ತಲ್ಲ?"

"ಬಿದ್ದಿತ್ತರಿ."

"ಹಾರಿ ಹೋತು ಅಂತ ನೀ ಹೇಳಿದ್ದಿ."

ಗುರುಶಾಂತವ್ವ ಅಂಗಳದ ಕೆಸರಿನಲ್ಲೇ ಕುಸಿದು ಕೂತಳು. ಅವಳನ್ನು ಎಬ್ಬಿಸಲು ಸೊಸೆಗೆ ಕೈ ಬರಲಿಲ್ಲ.

ಆ ಮನೆಯ ಬಾಗಿಲಿಗೆ ಮತ್ತೆ ಮುಳ್ಳು ಬೀಳಲಿಲ್ಲ. ಚಂದ್ರಭಾಗಾಳ ಮಡಿಲೂ ಮತ್ತೆ ತುಂಬಲಿಲ್ಲ.

ಅಕ್ಕಂದಿರೇ, ಮಳೆಯಲ್ಲಿ ನಿಮ್ಮ ಮಾಳಿಗೆಯ ಮೇಲೆ ಹದ್ದು ಕೂತರೆ ಅದಕ್ಕೆ ಕಲ್ಲು ಹೊಡೆಯಬೇಡಿ, ಮನೆ ಬಿಡಬೇಡಿ. ಬಾಣಂತಿಯನ್ನೂ ಕೂಸನ್ನೂ ಬೆಚ್ಚಗಿಡಿ. ಕೂಸಿನ ಎದೆ ಗೊರಗುಟ್ಟಿದರೆ ಕೂಡಲೇ ದವಾಖಾನೆಗೆ ಒಯ್ಯಿರಿ. ಹದ್ದನ್ನು ಬಿಸಿಲಿಗೆ ಬಿಡಿ, ತಾನೇ ಹೋಗುತ್ತದೆ. ಚಂದ್ರಭಾಗಾಳ ಮನೆಯವರು ಅಂದು ಬಿಸಿಲು ಬೀಳುವತನಕ ತಡೆದಿದ್ದರೆ ಸಾಕಿತ್ತು. ನೀವು ತಡೆಯಿರಿ.