ಗೂಡಿಗೊಂದು ಮಾನಿಟರ್, ಆಯಿಯ ಅರ್ಧ ಕಥೆ

ಒಂದಾನೊಂದು ಊರಿನಲ್ಲಿ ಒಂದು ಮಾನಿಟರ್ ಇತ್ತು. ಸತ್ತಿತ್ತು.

(ಹೀಗೆ ಶುರು ಮಾಡಬಹುದೇ? ಮೊದಲ ಸಾಲಿನಲ್ಲೇ ಸಾವು. ಬೇಡ, ಅಳಿಸೋಣ.)

೧

ಒಂದಾನೊಂದು ಕಾಲದಲ್ಲಿ ಶಹಾಬಾದಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಏಳು ಅರಮನೆ, ಒಂದೂ ಮಾನಿಟರ್ ಇಲ್ಲ...

"ರಾಜ ಯಾಕ ಬಂದ?" ಪಕ್ಕದಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಆಯಿ ಕೇಳಿದಳು. "ನಮ್ಮ ಕಥ್ಯಾಗ ರಾಜ ಇರಂಗಿಲ್ಲ ಪೋರಿ. ರಾಜನ ಮನಿಗಿ ಕಲ್ಲು ಹೊತ್ತವ್ರು ಇರ್ತಾರ."

ಸರಿ. ರಾಜ ರದ್ದು.

೧ (ಇನ್ನೊಮ್ಮೆ)

ಶಹಾಬಾದಿನಲ್ಲಿ ಲುಂಬಿನಿ ಎಂಬ ಹುಡುಗಿ ಇದ್ದಳು. ಅವಳಿಗೊಬ್ಬ ಅಜ್ಜಿ, ಶಿವಕಾಂತಮ್ಮ. ಮನೆಯವರೆಲ್ಲ ಕರೆಯುವುದು ಆಯಿ ಎಂದು. (ಬರೆಯುತ್ತಿರುವವಳೂ ಲುಂಬಿನಿಯೇ. ಆದರೆ 'ನಾನು' ಅಂತ ಬರೆದರೆ ಆಯಿ ಒಪ್ಪುವುದಿಲ್ಲ. 'ನಾನು' ಬಂದರೆ ಅದು ಚಾಡಿಯಂತೆ, ಕಥೆಯಲ್ಲವಂತೆ.)

ಆಯಿ ಹೇಳುವ ಕಥೆಗಳನ್ನು ಲುಂಬಿನಿ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಅರ್ಧ ಕಥೆಗೆ ಮಾನಿಟರ್ ಕಣ್ಣು ಮುಚ್ಚಿತು. ಕಥೆಯೊಳಗಿನ ಹುಡುಗಿ ನೀರು ತುಂಬಿದ ಹಳೇ ಕಲ್ಲಿನ ಖಣಿಗೆ ಇಳಿದಿದ್ದಳು, ತಳದ ಕಲ್ಲು ಎತ್ತಿದ್ದಳು. ಕೆಳಗೆ ಏನಿತ್ತು?

"ಹೇಳಂಗಿಲ್ಲ," ಎಂದಳು ಆಯಿ. "ಇಷ್ಟು ದಿನ ನೀ ಏನು ಬರದಿ, ನನಗೇನು ಗೊತ್ತು? ಮದ್ಲು ನಾ ಓದ್ತೀನಿ. ಆಮ್ಯಾಲ ಕಲ್ಲಿನ ಕೆಳಗಿಂದು ಹೇಳ್ತೀನಿ."

ಆಯಿ ಅಕ್ಷರ ಕಲಿತದ್ದು ಮೊಮ್ಮಕ್ಕಳಾದ ಮೇಲೆ, ರಾತ್ರಿಶಾಲೆಯಲ್ಲಿ. ಗೋಡೆಬರಹದಷ್ಟು ದೊಡ್ಡ ಅಕ್ಷರವಿದ್ದರೆ ಓದುತ್ತಾಳೆ. ಫೋನಿನಲ್ಲಿ ಹಿಗ್ಗಿಸಿ ತೋರಿಸಿದರೆ ಸಾಲಿಗೆ ಒಂದೇ ಪದ ಹಿಡಿಯುತ್ತದೆ. "ಇದೇನು ಕಥಿನಾ, ಬಿಕ್ಕಳಿಕಿನಾ?" ಎನ್ನುತ್ತಾಳೆ.

ಹೀಗಾಗಿ ಓದುಗರೇ, ಲುಂಬಿನಿ ನಿಮಗೊಂದು ಮಾತು ಕೊಡುತ್ತಾಳೆ: ಈ ಕಥೆ ಮುಗಿಯುವುದರೊಳಗೆ ಮಾನಿಟರ್ ಬರುತ್ತದೆ. ಬೇರೆ ಯಾವುದಕ್ಕೂ ಅವಳು ಹೊಣೆಯಲ್ಲ.

೨

ಕಂಪ್ಯೂಟರ್ ಇರುವುದು ಗೋಡೆಯ ಗೂಡಿನಲ್ಲಿ. ಕಲ್ಲಿನ ಗೋಡೆ, ಗೂಡು ಹಿಗ್ಗುವುದಿಲ್ಲ. ಲುಂಬಿನಿ ಟೇಪು ಹಿಡಿದಳು: ಅಗಲ ಇಪ್ಪತ್ತೆರಡು ಇಂಚು. ಆಯಿ ಕೈ ಹಿಡಿದಳು: ಎರಡೂವರೆ ಗೇಣು.

ಟಂಟಂ ಆಟೊ ಹತ್ತಿ ಪಕ್ಕದ ಊರು ವಾಡಿಗೆ ಹೋದರು. ಇಮ್ರಾನನ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಮಾನಿಟರ್‌ಗಳು ಅಕ್ಕಪಕ್ಕ ಬೆಳಗುತ್ತಿದ್ದವು. ಒಂದು ಹೊಸದು, ಇಪ್ಪತ್ತೆರಡು ಇಂಚಿನದು, ಕೈಯಲ್ಲಿದ್ದ ರೊಕ್ಕಕ್ಕೆ ಸರಿಹೋಗುವಂಥದು. ಇನ್ನೊಂದು ಇಪ್ಪತ್ನಾಲ್ಕರದು, ಶೋಕೇಸಿನಲ್ಲಿಟ್ಟು ಒಂದು ಮೂಲೆಗೆ ಗೀರು ಬಿದ್ದದ್ದು, ಆದರೂ ಐನೂರು ಜಾಸ್ತಿ.

ಇಮ್ರಾನ್ ಎರಡರಲ್ಲೂ ಕನ್ನಡ ಅಕ್ಷರ ದೊಡ್ಡದು ಮಾಡಿ ತೋರಿಸಿದ. ಸಣ್ಣದರ ಮುಂದೆ ಆಯಿ ಕಣ್ಣು ಕಿರಿದು ಮಾಡಿ ತಡವರಿಸಿದಳು. ದೊಡ್ಡದರ ಮುಂದೆ ಒಂದಿಡೀ ಸಾಲು ಓದಿಬಿಟ್ಟಳು, ಅಂಗಡಿಯ ಹೊರಗಿದ್ದವರಿಗೂ ಕೇಳುವಂತೆ.

(ಇಲ್ಲಿ ಲುಂಬಿನಿಯ ಕಣ್ಣು ತುಂಬಿತು ಎಂದು ಬರೆದಿತ್ತು. ತೆಗೆದದ್ದಾಯಿತು. ತುಂಬಿದ್ದು ಮಾತ್ರ ಖರೇ.)

"ಇದೇ ಇರ್ಲಿ, ಆಯಿ."

"ತಲಿ ಅದ ಏನು ನಿನಗ? ಇಪ್ಪತ್ತೆರಡರ ಗೂಡಿನಾಗ ಇಪ್ಪತ್ನಾಕು ಹ್ಯಾಂಗ ಕುಂದ್ರತದ?"

"ಆಯೀ, ಕುಂದ್ರತದ್ರಿ," ಎಂದ ಇಮ್ರಾನ್. "ಇದನ್ನ ಮೂಲಿಯಿಂದ ಮೂಲಿಗಿ ಅಡ್ಡ ಅಳೀತಾರ್ರಿ."

ಆಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪರ್ಸಿ, ಅಂದರೆ ನೆಲಕ್ಕೆ ಹಾಸುವ ನಮ್ಮೂರ ಕಲ್ಲು, ಹೊತ್ತು, ಜೋಡಿಸಿ, ಅಳೆದು ಹಣ್ಣಾದವಳು ಅವಳು. ಅಲ್ಲಿ ಅಳತೆ ಎಂದರೆ ಉದ್ದ, ಅಗಲ. ಮೂರನೆಯದು ಇಲ್ಲ.

"ತಮ್ಮಾ, ಮೂಲಿಯಿಂದ ಮೂಲಿಗಿ ಅಳದು ಪರ್ಸಿ ಮಾರಿದ್ರ, ನಮ್ಮ ಖಣಿಯಾಗ ಒದ್ದು ಕಳಸ್ತಿದ್ರು."

ಎನ್ನುತ್ತ ದೊಡ್ಡ ಮಾನಿಟರಿನ ಅಗಲಕ್ಕೆ ಗೇಣು ಹಾಕಿದಳು. ಎರಡು ಗೇಣು, ಮೇಲೆ ನಾಲ್ಕು ಬೆರಳು. ಇನ್ನೊಮ್ಮೆ ಹಾಕಿದಳು. ಅಷ್ಟೇ.

"ಅಯ್ಯ! ಇದು ಇಪ್ಪತ್ತೊಂದೇ ಅದ!"

"ಅದೇ ಹೇಳಾಕತ್ತೀನಿ ಆಯೀ, ಗೂಡಿನಾಗ ಆರಾಮ ಕುಂದ್ರತದ."

"ಗೂಡಿಂದು ಬಿಡು. ಇಪ್ಪತ್ತೊಂದಕ್ಕ ಇಪ್ಪತ್ನಾಕರ ರೊಕ್ಕ ಕೇಳಾಕತ್ತೀಯಲ್ಲ?"

೩

ಮುಂದೇನಾಯಿತು? ಲುಂಬಿನಿಯ ಬಳಿ ಮೂರು ದಾರಿಗಳಿವೆ.

ಅ) ಅಜ್ಜಿಯ ಓದು ಕೇಳಿ ಇಮ್ರಾನನ ಮನಸ್ಸು ಕರಗಿತು. (ಇಮ್ರಾನನ ತಕರಾರು: "ಅಕ್ಕಾ, ಮನಸ್ಸು ಕರಗಸಬ್ಯಾಡ್ರಿ. ಹಂಗ ಬರದ್ರ ನಾಳಿ ಇಡೀ ವಾಡಿ ಅಜ್ಜಿ ಕರ್ಕೊಂಡು ಬರ್ತದ.")

ಆ) ಆಯಿ ಸೊಂಟದ ಸಂಚಿಯಿಂದ ಐನೂರು ತೆಗೆದಳು. (ಆಯಿಯ ತಕರಾರು: "ನನ್ನ ಸಂಚಿಗಿ ಕೈ ಹಾಕ್ಬ್ಯಾಡ.")

ಇ) ಆಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಹೋಗುವ ಬರುವವರಿಗೆಲ್ಲ ಮಾನಿಟರಿನ ಅಳತೆ ಗೇಣು ಹಾಕಿ ತೋರಿಸತೊಡಗಿದಳು: "ನೋಡ್ರಪ್ಪ, ಇದು ಇಪ್ಪತ್ನಾಕಂತ." ಜನ ಸೇರಿತು. ಒಬ್ಬ ತನ್ನ ಮನೆಯ ಟಿವಿ ಅಳೆಯಲು ಹೋಗಿಯೇಬಿಟ್ಟ. ಇಮ್ರಾನ್ ಕೈಮುಗಿದ. "ಆಯೀ, ನಿಮ್ಮ ಹಳೇ ಮಾನಿಟರ್ ಡಬ್ಬಿ ನನಗ ಕೊಡ್ರಿ, ಇದನ್ನ ಇಪ್ಪತ್ತೊಂದರ ರೇಟಿಗೇ ಒಯ್ರಿ. ಮೆಟ್ಟಿಲ ಮ್ಯಾಲಿಂದ ಇಳೀರಿ ಸಾಕು."

ಯಾವುದು ಖರೇ ಎಂದು ನೀವು ಕೇಳುವುದಿಲ್ಲ ಎಂದು ಲುಂಬಿನಿ ನಂಬಿದ್ದಾಳೆ.

೪

ಮಾನಿಟರ್ ಬಂತು. ಗೂಡಿನಲ್ಲಿ ಕೂತಿತು, ಪಕ್ಕಕ್ಕೆ ಒಂದು ಬೆರಳು ಜಾಗ ಬಿಟ್ಟು. ಬೆಳಗಿತು. ಆಯಿ ಕನ್ನಡಕ ಒರೆಸಿ ತನ್ನ ಕಥೆಯನ್ನು ತಾನೇ ಓದತೊಡಗಿದಳು. ಲುಂಬಿನಿ ಉಸಿರು ಹಿಡಿದು ಕೂತಳು. ಇನ್ನೇನು ಕಲ್ಲಿನ ಕೆಳಗಿನದು ಬಂದೇಬಿಡುತ್ತದೆ.

"ಖಣಿ... ದಂಡೆಯಲ್ಲಿ... ಕುದುರೆ... ಏರಿದ... ರಾಜಕುಮಾರ..." ಆಯಿ ನಿಲ್ಲಿಸಿದಳು. ನಿಧಾನಕ್ಕೆ ತಿರುಗಿದಳು. "ಇಂವ ಯಾರು?"

"ಅದು... ಚಂದ ಕಾಣಲಿ ಅಂತ..."

"ನಾ ಹೇಳಿಲ್ಲ ಇವನ್ನ. ಅದಕ್ಕೇ ನಾ ಓದ್ತೀನಿ ಅಂದಿದ್ದು! ತಗಿ. ಕುದುರಿನೂ ತಗಿ."

ಲುಂಬಿನಿ ತೆಗೆದಳು. ಒಂದೊಂದೇ ಅಕ್ಷರವಾಗಿ ರಾಜಕುಮಾರ ಹೋದ, ಆಮೇಲೆ ಕುದುರೆ. ಆಯಿ ಕೊನೆಯ ಸಾಲಿನವರೆಗೂ ಓದಿದಳು: 'ಕಲ್ಲು ಎತ್ತಿದಳು.' ಅದರ ಮುಂದೆ ಒಂದು ಸಣ್ಣ ಕಪ್ಪು ಗೆರೆ ಬರುತ್ತಿತ್ತು, ಹೋಗುತ್ತಿತ್ತು.

"ಇದು ಯಾಕ ಕಣ್ಣು ಮಿಟುಕಸಾಕತ್ತದ?"

"ನಿನ್ನ ಮಾತಿಗಿ ಕಾಯಾಕತ್ತದ, ಆಯಿ."

ಆಯಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿದಳು.

"ಕಾಯ್ಲಿ."