ಕೂತೇ ಕಲಿಸ್ತೀನ್ರಿ

ಶ್ರೀವಿದ್ಯಾಳಿಗೆ ವಿಷಮಶೀತ ಜ್ವರ ಬಂದದ್ದು 2003ರ ಮಳೆಗಾಲದಲ್ಲಿ. ಜ್ವರವೇನೋ ಇಳಿಯಿತು, ಆದರೆ ಆಮೇಲೆ ನಿಲ್ಲುವುದೇ ಕಷ್ಟವಾಯಿತು. ಮಲಗಿದ್ದರೆ ಏನೂ ಇಲ್ಲ. ಎದ್ದು ನಿಂತು ಐದು ನಿಮಿಷವಾಗುವುದರೊಳಗೆ ಎದೆ ಡವಡವ ಹೊಡೆದುಕೊಂಡು ಕಣ್ಣಿಗೆ ಕತ್ತಲೆ ಬರುತ್ತಿತ್ತು. ಸೇಡಂನಿಂದ ದಿನಾ ಬಸ್ಸಿನಲ್ಲಿ ಅದೇ ತಾಲೂಕಿನ ಮುಧೋಳ ಕಡೆಯ ಒಂದು ಹಳ್ಳಿಗೆ ಹೋಗಿ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಇಪ್ಪತ್ತಾರರ ಹುಡುಗಿ ಎರಡು ಸಲ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು.

ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದರು. ಪರೀಕ್ಷೆಯಲ್ಲಿ ರಕ್ತ ಸರಿಯಾಗಿತ್ತು. ಇನ್ನೊಬ್ಬರು ಅವಳನ್ನು ಬಿಟ್ಟು ತಾಯಿ ಸೀತಾಬಾಯಿಯ ಕಡೆ ತಿರುಗಿ, "ಟೆನ್ಷನ್ ಅದ. ಲಗ್ನ ಮಾಡ್ರಿ, ಎಲ್ಲಾ ಸರಿ ಆಗ್ತದ" ಎಂದರು.

"ನಾ ಇಲ್ಲೇ ಕೂತೀನ್ರಿ. ನನಗ ಹೇಳ್ರಿ" ಎಂದಳು ಶ್ರೀವಿದ್ಯಾ. ಮತ್ತೆ ಆ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ.

ಕೊನೆಗೆ ಅಣ್ಣ ರಘೂತ್ತಮ ಅವಳನ್ನು ರೈಲಿನಲ್ಲಿ ಹೈದರಾಬಾದಿಗೆ ಕರೆದೊಯ್ದ. ಅಲ್ಲಿಯ ವಯಸ್ಸಾದ ಡಾಕ್ಟರಮ್ಮ ಅವಳನ್ನು ಮಲಗಿಸಿ ನಾಡಿ ಎಣಿಸಿದರು: ಎಪ್ಪತ್ತಾರು. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಎಣಿಸಿದರು: ನೂರ ಇಪ್ಪತ್ತೆಂಟು. ಬಿಪಿ ಇಳಿದಿರಲಿಲ್ಲ. ಇದಕ್ಕೆ ಪೋಟ್ಸ್ ಎಂಬ ಹೆಸರಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಿಂತಾಗ ರಕ್ತ ಕೆಳಗಿಳಿದು ಕಾಲು, ಹೊಟ್ಟೆಯಲ್ಲಿ ಉಳಿಯುತ್ತದೆ. ಅದನ್ನು ತಲೆಗೆ ಮುಟ್ಟಿಸಲು ಹೃದಯ ಓಡುತ್ತದೆ. ಇದು ಮನಸ್ಸಿನ ಕಾಯಿಲೆಯಲ್ಲ. ದಿನಕ್ಕೆ ಮೂರು ಲೀಟರು ನೀರು, ಊಟದಲ್ಲಿ ಹೆಚ್ಚು ಉಪ್ಪು, ಬಿಗಿಯಾದ ಉದ್ದ ಕಾಲುಚೀಲ, ಮಲಗಿಯೇ ಮಾಡುವ ವ್ಯಾಯಾಮ. ಬಹಳ ಹೊತ್ತು ನಿಲ್ಲಬಾರದು. ಪೂರಾ ವಾಸಿಯಾಗುತ್ತದೆಯೇ ಎಂದು ಕೇಳಿದ್ದಕ್ಕೆ, ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ ಎಂದರು.

ವಾಪಸು ಬರುವಾಗ ತಾಂಡೂರು ದಾಟಿದ ಮೇಲೆ ಶ್ರೀವಿದ್ಯಾ ಅತ್ತಳು. "ನಾ ನಾಟಕ ಮಾಡ್ತಿರಲಿಲ್ಲ ಅಣ್ಣಾ" ಎಂದಳು. ರಘೂತ್ತಮ ನೀರಿನ ಬಾಟಲಿ ಕೊಟ್ಟ.

ಮನೆಯಲ್ಲಿ ಮೊದಲ ಜಗಳವಾದದ್ದು, ನೀರೂ ಕುಡಿಯದೆ ಉಪವಾಸವಿರುವ ಏಕಾದಶಿಯ ದಿನ. ಚೊಂಬಿನ ನೀರಿಗೆ ಉಪ್ಪು ಹಾಕಿ ಲಿಂಬೆಹಣ್ಣು ಹಿಂಡುತ್ತಿದ್ದ ಮಗಳನ್ನು ಸೀತಾಬಾಯಿ ತಡೆದರು.

"ಒಂದು ದಿನ ತಡಕೊಳ್ಳಲಿಕ್ಕೆ ಆಗೂದಿಲ್ಲೇನು ವಿದ್ಯಾ?"

"ಒಂದು ದಿನ ತಡಕೊಂಡ್ರ ಮೂರು ದಿನ ಮಲಗ್ತೀನಿ ಅಮ್ಮಾ. ದೇವರಿಗೆ ನಾನೇ ಹೇಳ್ಕೋತೀನಿ."

ತಾಯಿಯ ಎದುರಿಗೇ ಕುಡಿದಳು.

ಶಾಲೆಯಲ್ಲಿ ಅಷ್ಟರೊಳಗೆ ತರಗತಿಗಳ ಕುರ್ಚಿಗಳನ್ನೆಲ್ಲ ತೆಗೆಸಿದ್ದರು. ಕೂತರೆ ಮಾಸ್ತರರು ನಿದ್ದೆ ಮಾಡುತ್ತಾರೆಂದು ಶಿಕ್ಷಣ ಇಲಾಖೆಯ ಮೇಲಿನ ಸಾಹೇಬರ ಮಾತು. ಶ್ರೀವಿದ್ಯಾ ತಂದ ಡಾಕ್ಟರ ಪತ್ರವನ್ನು ಹೆಡ್‌ಮಾಸ್ತರ ಜಟ್ಟೆಪ್ಪ ಓದಿ ಡ್ರಾವರಿನಲ್ಲಿಟ್ಟರು. "ಒಬ್ಬರಿಗೆ ಕೊಟ್ರ ಎಲ್ಲಾರೂ ಕೇಳ್ತಾರ್ರಿ ಅಕ್ಕೋರೆ."

ಮರುದಿನ ಅವಳು ಮನೆಯಿಂದಲೇ ಮಡಚುವ ಕುರ್ಚಿಯೊಂದನ್ನು ಬಸ್ಸಿನಲ್ಲಿ ತಂದಳು. ಏಳನೆಯ ತರಗತಿಯ ಬೋರ್ಡಿನ ಮುಂದೆ ಹಾಕಿಕೊಂಡು ಕೂತು, ನಾಡಿ ಎಣಿಸುವುದು ಹೇಗೆಂದು ಹೇಳಿಕೊಡತೊಡಗಿದಳು. ಜಟ್ಟೆಪ್ಪ ಬಾಗಿಲಿಗೆ ಬಂದರು.

"ಕುರ್ಚಿ ಹೊರಗ ಇಡಸ್ರಿ."

"ಇಡೂದಿಲ್ರಿ ಸರ್."

"ನೋಡಿದ್ರ ಗಟ್ಟಿ ಅದೀರಿ. ಏನಾಗ್ಯಾದ ನಿಮಗ?"

"ಗಡಿಯಾರ ನೋಡ್ರಿ. ತಸ್ಲೀಮ್, ನೀ ಬಂದು ಎಣಿಸು."

ಮುಂದಿನ ಸಾಲಿನ ಹುಡುಗಿ ಎದ್ದು ಬಂದು ಅವಳ ಮಣಿಕಟ್ಟು ಹಿಡಿದಳು. ಕೂತಾಗ ಎಂಬತ್ತೆರಡು. ಶ್ರೀವಿದ್ಯಾ ಎದ್ದು, ಯಾವುದಕ್ಕೂ ಆನಿಕೊಳ್ಳದೆ ನಿಂತಳು. ನಾಲ್ಕು ನಿಮಿಷಕ್ಕೆ ನೂರ ಹತ್ತು. ಎಂಟಕ್ಕೆ ತುಟಿ ಬಿಳಿಚಿ, ಹಣೆಯ ಬೆವರು ಕುಂಕುಮಕ್ಕಿಳಿಯಿತು. ತಸ್ಲೀಮ್ ನೂರ ಮೂವತ್ತು ಎಂದಳು.

"ಸಾಕು, ಕುಂದ್ರಿ ಅಕ್ಕೋರೆ" ಎಂದರು ಜಟ್ಟೆಪ್ಪ.

"ಇನ್ನೂ ಎರಡು ನಿಮಿಷ ಅದ ಸರ್."

ಹತ್ತೂ ಮುಗಿಸಿಯೇ ಕೂತಳು. ಉಸಿರು ಹಿಡಿತಕ್ಕೆ ಬಂದ ಮೇಲೆ ಕೇಳಿದಳು: "ಈಗ ಹೇಳ್ರಿ. ಕುರ್ಚಿ ಎಲ್ಲಿಡಲಿ?"

"ಇರ್ಲಿ ಬಿಡ್ರಿ. ಆದ್ರ ಸಾಹೇಬ್ರು ಬಂದಾಗ ನೀವೇ ಹೇಳ್ಬೇಕು."

"ಹೇಳ್ತೀನ್ರಿ. ಕೂತೇ ಹೇಳ್ತೀನಿ."

ಜನವರಿಯಲ್ಲಿ ಸಾಹೇಬರು ಬಂದರು. ತರಗತಿಯ ಮಕ್ಕಳೆಲ್ಲ ಎದ್ದರು, ಅವಳು ಕೂತೇ ನಮಸ್ಕಾರ ಹೇಳಿ ಕಾರಣವನ್ನೂ ಹೇಳಿದಳು. ವಾರ ಕಳೆದು, ಕೂತು ಪಾಠ ಮಾಡುತ್ತಿರುವುದಕ್ಕೆ ವಿವರಣೆ ಕೇಳಿ ಮೆಮೊ ಬಂತು. ಡಾಕ್ಟರ ಪತ್ರದ ನಕಲಿನ ಜೊತೆ ಅವಳು ಎರಡೇ ಸಾಲು ಬರೆದಳು: ಹೌದು, ಕೂತೇ ಕಲಿಸುತ್ತೇನೆ, ಮುಂದೆಯೂ ಹಾಗೇ ಕಲಿಸುತ್ತೇನೆ. ಅದಕ್ಕೆ ಉತ್ತರ ಬರಲೇ ಇಲ್ಲ.

ಮೂರು ವರ್ಷದ ಹೊತ್ತಿಗೆ ಅವಳು ಇಪ್ಪತ್ತು ನಿಮಿಷ ನಿಲ್ಲಬಲ್ಲವಳಾದಳು. ಬೇಸಿಗೆಯಲ್ಲಿ ಮಾತ್ರ ಆಗಲೂ ಕಷ್ಟವಾಗುತ್ತಿತ್ತು. ಅಂಥ ದಿನಗಳಲ್ಲಿ ಸ್ಟಾಫ್‌ರೂಮಿನ ಚಾಪೆಯ ಮೇಲೆ ಮಲಗಿ, ಎರಡೂ ಕಾಲು ಗೋಡೆಗೆ ಎತ್ತಿಟ್ಟು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ಯಾರಾದರೂ ಬಾಗಿಲಲ್ಲಿ ನಿಂತು ಮುಖ ಸಿಂಡರಿಸಿದರೆ, "ಒಳಗ ಬರ್ರಿ" ಎನ್ನುತ್ತಿದ್ದಳು. ಏಳುತ್ತಿರಲಿಲ್ಲ.